ಮೊದಲು ನಿನ್ನ ತಟ್ಟೆಗೆ

ಆ ಮನೆಯಲ್ಲಿ ಒಂದು ಕಟ್ಟುಪಾಡಿತ್ತು. ಪಿಯಾನೊ ನಿಂತ ಕೂಡಲೇ ಯಾರೂ ಅಲುಗಾಡಬಾರದು. ಬಾಯಿಗೆ ಹೋಗುತ್ತಿದ್ದ ಚಮಚ ಅಲ್ಲೇ ನಿಲ್ಲಬೇಕು, ಕೆಮ್ಮು ಬಂದರೆ ನುಂಗಿಕೊಳ್ಳಬೇಕು, ಕೊನೆಯ ಸ್ವರ ಗೋಡೆ ಮುಟ್ಟಿ ಆರುವವರೆಗೆ ಕಾಯಬೇಕು. ಆಮೇಲೆ ನುಡಿಸುತ್ತಿದ್ದ ಸೊಸೆ ಪಿಯಾನೊದ ಪೆಡಲಿನಿಂದ ಕಾಲು ತೆಗೆದು "ಆಯ್ತು" ಎನ್ನುತ್ತಾಳೆ. ಆಗ ಚಮಚ ಬಾಯಿಗೆ, ಕೆಮ್ಮು ಹೊರಗೆ. ಇದು ರೆಕಾರ್ಡಿಂಗ್ ಸ್ಟುಡಿಯೋದ ಶಿಸ್ತು. ಅಲ್ಲಿ ಕೆಂಪು ದೀಪ ಆರುವ ಮೊದಲು ಯಾರಾದರೂ ಮಿಸುಕಿದರೆ ನುಡಿಸಿದ್ದೆಲ್ಲ ದಂಡ. ಸೊಸೆ ಮನೆಯಲ್ಲೂ ಒಂದು ಪುಟ್ಟ ಯಂತ್ರ ಇಟ್ಟುಕೊಂಡು ನುಡಿಸಿ ಕಳಿಸುತ್ತಿದ್ದಳಾದ್ದರಿಂದ ಆ ಶಿಸ್ತು ಊಟದ ಮೇಜಿಗೂ ಬಂದುಬಿಟ್ಟಿತ್ತು. ಪಿಯಾನೊ ಇದ್ದದ್ದು ಊಟದ ಕೋಣೆಯಲ್ಲಿ. ಅದು ತೂರುವಷ್ಟು ಅಗಲದ ಬಾಗಿಲು ಇದ್ದದ್ದು ಅದೊಂದಕ್ಕೇ.

ಸೊಸೆ ಇಪ್ಪತ್ತೆರಡು ವರ್ಷದಿಂದ ಬೇರೆಯವರ ಹಾಡಿಗೆ ಹಿಂದೆ ಕೂತು ನುಡಿಸುತ್ತಿದ್ದಳು. ಅವಳ ಬೆರಳು ಬೀಳದ ಹಾಡು ಊರಲ್ಲಿ ಕಡಿಮೆ. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ದಂತವೈದ್ಯರ ಕಾಯುವ ಕೋಣೆಯಲ್ಲಿ ಎಲ್ಲೆಲ್ಲೂ ಅವಳೇ. ಆದರೆ ಮುಖ ಕಂಡವರಿಲ್ಲ. ಹದಿನೈದರ ಮಗಳು ಬಸ್ಸಿನಲ್ಲಿ ಗೆಳತಿಯರಿಗೆ "ಇದು ನಮ್ಮಮ್ಮ" ಎಂದರೆ ಅವರು "ಹಾಡ್ತಿರೋದಾ?" ಎಂದು ಕಣ್ಣರಳಿಸುತ್ತಿದ್ದರು. "ಅಲ್ಲ, ಹಿಂದೆ ಟಿಣ್ ಟಿಣ್ ಅನ್ನತ್ತಲ್ಲ, ಅದು" ಎಂದರೆ ಅರಳಿದ ಕಣ್ಣು ಮತ್ತೆ ಕಿಟಕಿಯಾಚೆ ಹೋಗುತ್ತಿತ್ತು. ಈ ಹುಡುಗಿಗೆ ಮನೆಯಲ್ಲಿ ಚಿನಕುರುಳಿ ಎಂದು ಹೆಸರು. ಬಾಯಿ ತೆರೆದರೆ ಪಟಪಟನೆ ಸಿಡಿಯುವುದು ನೋಡಿ ಅಜ್ಜಿ ಇಟ್ಟದ್ದು.

ಅಜ್ಜಿಗೆ ಬೀದಿಯವರು ಇಟ್ಟ ಹೆಸರು ಹೊಲಿಗೆಯಮ್ಮ. ಬೇರೆಯವರು ಹೊಲಿದದ್ದನ್ನು ಬಿಗಿ ಮಾಡುವುದು, ಸಡಿಲ ಮಾಡುವುದು, ಕೈಕೊಟ್ಟ ಜಿಪ್ಪು ಬದಲಿಸುವುದು ಅವಳ ಕಸುಬು. ಎಪ್ಪತ್ತೊಂದು ವಯಸ್ಸು, ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಕು, ಜಗಳಕ್ಕೆ ಬೇಡ. ಸೊಸೆಯ ವಿಷಯದಲ್ಲಿ ಅವಳಿಗೊಂದು ಹೆಮ್ಮೆಯಿತ್ತು. ಬೀದಿಯವರ ಮುಂದೆ ಹೇಳಿಕೊಳ್ಳುತ್ತಿದ್ದಳು: "ನಮ್ಮ ಸೊಸೆ ಎದುರು ಮಾತಾಡಿದೋಳಲ್ಲ. ಎಲ್ಲರಿಗೂ ಬಡಿಸಿ ಉಳಿದಿದ್ದು ತಿಂತಾಳೆ. ನಡೆದ್ರೆ ಹೆಜ್ಜೆ ಸದ್ದೂ ಕೇಳಲ್ಲ."

ಇಂಥ ಸೊಸೆ ಒಂದು ಸೋಮವಾರದ ಸಂಜೆ, ಅನ್ನ ಮತ್ತು ಬೀನ್ಸಿನ ನಡುವೆ, "ನಾನೊಂದು ಮಾತು ಹೇಳ್ಬೇಕು" ಎಂದಳು. ಎಲ್ಲರೂ ತಿನ್ನುವುದು ಬಿಟ್ಟು ನೋಡಿದರು. ಆ ಮನೆಯಲ್ಲಿ ಮಾತು ಶುರು ಮಾಡುವ ಪದ್ಧತಿಯೇ ಅವಳಿಗಿರಲಿಲ್ಲ.

"ಸ್ಟುಡಿಯೋದವರು ಕಾಯಂ ಮಾಡ್ಕೋತೀವಿ ಅಂದಿದಾರೆ. ತಿಂಗಳ ಸಂಬಳ, ರಜೆ, ಎಲ್ಲಾ."

"ಅಬ್ಬ, ಈಗಾದ್ರೂ ಕಣ್ಣು ಬಿಟ್ರಲ್ಲ" ಎಂದ ಗಂಡ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎಂಜಿನ್ನು ಯಾವಾಗ ಕೈಕೊಡುತ್ತದೆಂದು ಮೊದಲೇ ಯೋಚಿಸುವುದು ಅವನ ಹೊಟ್ಟೆಪಾಡು. ಮನೆಯಲ್ಲೂ ಅದನ್ನೇ ಮಾಡುತ್ತಿದ್ದ.

"ನಾನು ಬೇಡ ಅನ್ನೋಣ ಅಂತಿದೀನಿ."

ಬೀನ್ಸಿನ ಪಾತ್ರೆಯ ಮೇಲೆ ಹೊಲಿಗೆಯಮ್ಮನ ಕೈ ನಿಂತಿತು.

"ನಾನೇ ಹಾಡು ಬರ್ದಿದೀನಿ. ಹನ್ನೊಂದಿವೆ. ನಾನೇ ಹಾಡ್ತೀನಿ. ಮುಂದಿನ ತಿಂಗಳ ಕೊನೇ ಭಾನುವಾರ ಗ್ರಂಥಾಲಯದ ಮಹಡಿ ಹಾಲ್ ಗೊತ್ತು ಮಾಡಿದೀನಿ, ಮಧ್ಯಾಹ್ನ ನಾಲ್ಕಕ್ಕೆ."

"ಹೇಳದೆ ಕೇಳದೆ?" ಗಂಡನ ಮುಖ ಗಂಟಿಕ್ಕಿತು.

"ಈಗ ಹೇಳ್ತಾ ಇದೀನಲ್ಲ."

"ಗೊತ್ತು ಮಾಡಿ ಆದ್ಮೇಲೆ ಹೇಳೋದು ಹೇಳೋದಲ್ಲ, ತಿಳಿಸೋದು."

"ಸರಿ, ತಿಳಿಸ್ತಾ ಇದೀನಿ."

ಚಿನಕುರುಳಿ ಖುಷಿಯಿಂದ ಮೇಜು ಬಡಿದಳು. ಹೊಲಿಗೆಯಮ್ಮ ಮಾತ್ರ ಸೊಸೆಯನ್ನು ಅಳತೆ ತೆಗೆಯುವವಳಂತೆ ಮೇಲಿಂದ ಕೆಳಗೆ ನೋಡಿದಳು. "ನೀನು ಹಾಡ್ತೀಯಾ? ನೀನು ಉಪ್ಪು ಕೊಡಿ ಅಂದ್ರೆ ಪಕ್ಕದಲ್ಲಿ ಕೂತ ನನಗೇ ಕೇಳಿಸಲ್ಲ. ಹಾಲ್ ತುಂಬ ಜನಕ್ಕೆ ಕೇಳಿಸತ್ತಾ?"

"ಕೇಳಿಸದಿದ್ರೆ ಮಾರನೇ ದಿನಾನೇ ಹೋಗಿ ಸ್ಟುಡಿಯೋ ಕುರ್ಚೀಲಿ ಕೂತ್ಕೋತೀನಿ ಅತ್ತೆ. ಮ್ಯಾನೇಜರು ಅಲ್ಲೀವರೆಗೆ ಕಾಯ್ತೀನಿ ಅಂದಿದಾರೆ. ಆಮೇಲೆ ಈ ಮಾತೇ ಎತ್ತಲ್ಲ. ಜೀವ ಇರೋವರೆಗೂ."

ಕೊನೆಯದನ್ನು ಅವಳು ಮೆತ್ತಗೆ ಹೇಳಿದಳು, ಆದರೂ ಎಲ್ಲರಿಗೂ ಕೇಳಿಸಿತು. ಗಂಡ ತಟ್ಟೆ ಎತ್ತಿಕೊಂಡು ತೊಳೆಯಲು ಹೋದ. ಅವನು ತಾನಾಗಿ ತಟ್ಟೆ ತೊಳೆದನೆಂದರೆ ಸಿಟ್ಟು ಬಂದಿದೆ ಎಂದೇ ಅರ್ಥ.

ಆ ಐದು ವಾರ ಮನೆಯ ಕೆಲಸವೆಲ್ಲ ತಲೆಕೆಳಗಾಯಿತು. ಸಂಜೆಯ ಅಡುಗೆ ಗಂಡನ ಪಾಲಿಗೆ ಬಂತು. ಅವನಿಗೆ ಬರುತ್ತಿದ್ದದ್ದು ಒಂದೇ: ಆಲೂಗಡ್ಡೆ ಬಿಲ್ಲೆ ಹೆಚ್ಚಿ, ಚೌಕದ ಪಾತ್ರೆಗೆ ಹಾಕಿ, ಮೇಲೆ ಈರುಳ್ಳಿ ಹಾಸಿ, ಓವನ್ ಒಲೆಯಲ್ಲಿ ಸುಡುವುದು. ಮೊದಲ ವಾರ ನಡುಭಾಗ ಹಸಿ, ಅಂಚು ಇದ್ದಿಲು. "ಅಪ್ಪ, ಇದು ತಿನ್ನೋದಾ, ಗ್ರೀಸ್ ಹಚ್ಚೋದಾ?" ಎಂದು ಚಿನಕುರುಳಿ ಕೇಳಿದರೆ ಅವನು "ಬಟ್ಟೆ ಒಣಗಿಸ್ದ್ಯಾ? ಮೊದಲು ಅದನ್ನ ನೋಡು" ಎಂದು ತಿರುಗಿಸಿ ಹೊಡೆಯುತ್ತಿದ್ದ. ಬಟ್ಟೆಯ ಕೆಲಸ ಅವಳದಾಗಿತ್ತು. ಅವಳು ಒಗೆದ ಬಿಳಿ ಅಂಗಿಗಳೆಲ್ಲ ತೆಳು ನೀಲಿಯಾಗಿ ಹೊರಬಿದ್ದವು, ಡಿಪೋದಲ್ಲಿ ಅವನ ಜೊತೆಯವರಿಗೆ ಒಂದು ವಾರ ಅದೇ ತಮಾಷೆ.

ನಿಜವಾದ ಜಟಾಪಟಿ ಹೊಲಿಗೆಯಂತ್ರದ್ದು. ಅದು ಪಕ್ಕದ ಕೋಣೆಯಲ್ಲಿತ್ತು, ಗೋಡೆ ತೆಳು.

"ಅತ್ತೆ, ಒಂದರ್ಧ ಗಂಟೆ ನಿಲ್ಲಿಸ್ತೀರಾ?"

"ನಾಳೆ ಬೆಳಿಗ್ಗೆ ಆರು ಕೋಟು ಕೊಡ್ಬೇಕು. ನಿನ್ನ ಹಾಡಿಗೆ ಕಾಯ್ತಾ ಕೂತ್ರೆ ಆ ಜನ ಚಳೀಲಿ ಹೋಗ್ತಾರಾ?"

ಕೊನೆಗೆ ಸರದಿಯಾಯಿತು: ಅರ್ಧ ಗಂಟೆ ಪಿಯಾನೊ, ಅರ್ಧ ಗಂಟೆ ಯಂತ್ರ. ಯಂತ್ರ ನಿಂತ ಅರ್ಧ ಗಂಟೆಯಲ್ಲಿ ಹೊಲಿಗೆಯಮ್ಮ ಗುಂಡಿ ಹಚ್ಚುತ್ತ ಕೂರುತ್ತಿದ್ದಳು. ಕಿವಿಗೆ ಬೇರೆ ಕೆಲಸವಿರಲಿಲ್ಲ.

ಹಾಗೆ ಕೂತಿದ್ದಾಗಲೇ ಎರಡನೆಯ ಬುಧವಾರ ಗೋಡೆಯಾಚೆಯಿಂದ ತನ್ನದೇ ಮಾತು ಕೇಳಿಸಿತು. 'ಎಷ್ಟು ಹೊತ್ತು ಕಾಯ್ತೀಯೆ, ತಟ್ಟೆಗೆ ಹಾಕ್ಕೋ.' ಇದು ದಿನಾ ರಾತ್ರಿಯೂಟಕ್ಕೆ ಸೌಟು ಹಿಡಿದು ನಿಂತ ಸೊಸೆಗೆ ಅವಳು ಬೈಯುತ್ತಿದ್ದ ಬೈಗುಳ. ಅದಕ್ಕೀಗ ರಾಗ ಬಂದಿತ್ತು. ಹೊಲಿಗೆಯಮ್ಮ ಕೋಟನ್ನು ಹೆಗಲಿಗೆ ಹಾಕಿಕೊಂಡೇ ಊಟದ ಕೋಣೆಗೆ ನುಗ್ಗಿದಳು.

"ಏನದು?"

ಸೊಸೆ ಕೆಂಪಗಾದಳು. "ಹಾಡು."

"ನನ್ನ ಬೈಗುಳ ಅದು. ಊರಿಗೆಲ್ಲ ಹಂಚ್ತೀಯಾ?"

ಪಿಯಾನೊ ಮೇಲೆ ಒಂದು ದಪ್ಪ ನೋಟ್‌ಪುಸ್ತಕವಿತ್ತು. ಹೊಲಿಗೆಯಮ್ಮ ಎತ್ತಿ ತಿರುವಿದಳು. ಒದ್ದೆ ಟವೆಲು ಮಂಚದ ಮೇಲೆ ಹಾಕುವ ಮಗನಿಗೆ ಅವಳು ಅಂದದ್ದು, ಬೆಕ್ಕಿಗೆ ಅಂದದ್ದು, ತೀರಿಹೋದ ಗಂಡನ ಪಟಕ್ಕೆ ಒಬ್ಬಳೇ ನಿಂತು ಅಂದದ್ದು ಎಲ್ಲವೂ ಅದರಲ್ಲಿತ್ತು, ತಾರೀಖಿನ ಸಮೇತ.

"ಇಪ್ಪತ್ತು ವರ್ಷದಿಂದ ಬಾಯಿ ಮುಚ್ಕೊಂಡಿದಾಳೆ, ಪಾಪ ಅಂದ್ಕೊಂಡಿದ್ದೆ" ಎಂದಳು ಹೊಲಿಗೆಯಮ್ಮ. "ಬರ್ಕೋತಾ ಇದ್ಯಾ?"

"ನೀವು ಹೇಳೋದು ಚೆನ್ನಾಗಿರತ್ತೆ ಅತ್ತೆ. ಮರೆತು ಹೋಗಬಾರದು ಅಂತ."

ಹೊಲಿಗೆಯಮ್ಮ ಪುಸ್ತಕವನ್ನು ಪಿಯಾನೊ ಮೇಲೆ ಕುಕ್ಕಿ ತನ್ನ ಕೋಟಿಗೆ ಮರಳಿದಳು. ಮೂರನೆಯ ದಿನ ಬೆಳಿಗ್ಗೆ, ಸೊಸೆ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದಾಗ ಬಂದು ಎದುರು ನಿಂತಳು.

"ಎರಡನೇ ಸಾಲು ತಪ್ಪಾಗಿದೆ."

"ಯಾವುದು?"

"'ಮುದ್ದು ಮಗಳೇ, ಆರಿಹೋದೀತು' ಅಂತ ಹಾಡ್ತಾ ಇದೀಯ. ನಾನು ಬೈಯುವಾಗ ಯಾವತ್ತಾದ್ರೂ ಮುದ್ದು ಮಗಳೇ ಅಂದಿದೀನಾ? ಬೈಗುಳಕ್ಕೆ ಸಕ್ಕರೆ ಹಾಕಿದೀಯ. ತಿಂದೋರು ಉಗೀತಾರೆ."

"ಮತ್ತೆ ಹೇಗಿರ್ಬೇಕು?"

"'ಆರಿ ತಣ್ಣಗಾದ್ಮೇಲೆ ಯಾರನ್ನ ಬೈತೀಯೆ' ಅಂತ. ಅಷ್ಟೇ." ಹೊಲಿಗೆಯಮ್ಮ ಬ್ರೆಡ್ಡು ಕಚ್ಚಿ, ಅಗಿಯುತ್ತ ಯೋಚಿಸಿದಳು. "ಎಲ್ಲಾರ್ಗೂ ಬಡಿಸಿ ಬಡಿಸಿ ಸೌಟೇ ಸವೆದ್ಹೋಯ್ತು. ತಳಾನ ನೋಡ್ಕೊಂಡು ನಿಂತಿದೀಯೆ. ಇದನ್ನೂ ಹಾಕು ಬೇಕಾದ್ರೆ."

ಸೊಸೆ ಬೆಣ್ಣೆಯ ಕೈಯಲ್ಲೇ ಪುಸ್ತಕಕ್ಕೆ ಓಡಿದಳು. ಅಂದಿನಿಂದ ಹೊಲಿಗೆಯಮ್ಮ ಗುಂಡಿ ಹಚ್ಚುವುದನ್ನು ಪಿಯಾನೊ ಪಕ್ಕಕ್ಕೇ ತಂದಳು. ಹನ್ನೊಂದು ಹಾಡನ್ನೂ ಬಿಗಿ ಇದ್ದಲ್ಲಿ ಸಡಿಲ ಮಾಡಿ, ಜೋತುಬಿದ್ದಲ್ಲಿ ಕತ್ತರಿಸಿ, ತನ್ನ ಕಸುಬನ್ನೇ ಅಲ್ಲೂ ಮುಂದುವರಿಸಿದಳು. ಮಗನಿಗೆ ಇದು ನುಂಗಲಾರದ ತುತ್ತಾಯಿತು.

"ಅಮ್ಮ, ನೀನು ನನ್ನ ಕಡೆ ಅಲ್ವಾ?"

"ನಾನು ಯಾರ ಕಡೇನೂ ಅಲ್ಲ. ಹೊಲಿಗೆ ಸರಿ ಇಲ್ಲ ಅಂದ್ರೆ ನನಗೆ ನಿದ್ದೆ ಬರಲ್ಲ, ಅಷ್ಟೇ. ನೀನು ಈ ಆಲೂಗಡ್ಡೆ ಇನ್ನೊಂದು ಕಾಲು ಗಂಟೆ ಬಿಡು ಒಲೇಲಿ."

ಹಾಡು ಸರಿಯಾದವು, ಹಾಡುವವಳು ಸರಿಯಾಗಲಿಲ್ಲ. ಇದನ್ನು ಮೊದಲು ಹಿಡಿದವಳು ಚಿನಕುರುಳಿ. ನಾಲ್ಕನೆಯ ವಾರದ ಶನಿವಾರ ಅವಳು ಹನ್ನೊಂದನ್ನೂ ಫೋನಿನಲ್ಲಿ ವಿಡಿಯೋ ಮಾಡಿ ಎಲ್ಲರಿಗೂ ತೋರಿಸಿದಳು. ಪಿಯಾನೊ ಸೊಗಸಾಗಿತ್ತು. ಆದರೆ ದನಿ ಬರಬೇಕಾದಲ್ಲಿ ಪಿಯಾನೊ ಹಿಂದೆ ಸರಿದು ಜಾಗ ಬಿಡುತ್ತಿತ್ತು, ಬಿಡಿ ಸಾಲು ಗುನುಗುವಾಗ ಇದ್ದ ದನಿ ಆ ಜಾಗಕ್ಕೆ ಬರುತ್ತಿರಲಿಲ್ಲ. ಇಂಟ್ರೋ, ಅಂದರೆ ಹಾಡಿಗೆ ಮುಂಚಿನ ನಾಲ್ಕು ಸಾಲು ಪಿಯಾನೊ, ಮುಗಿಯುತ್ತಿತ್ತು, ಸೊಸೆ ಎಡಕ್ಕೆ ನೋಡುತ್ತಿದ್ದಳು, ಮತ್ತೆ ಇಂಟ್ರೋ.

"ಅಮ್ಮ, ಎಡಗಡೆ ಏನಿದೆ ಅಂತ ನೋಡ್ತೀಯ?"

"ಸ್ಟುಡಿಯೋದಲ್ಲಿ ಆ ಕಡೇನೇ ಗಾಜಿನ ಕೋಣೆ. ಹಾಡೋರು ಅಲ್ಲಿರ್ತಾರೆ. ಅವರು ಉಸಿರು ತಗೊಂಡ ಮೇಲೇನೇ ನಾನು ಮುಂದೆ ಹೋಗೋದು."

"ಈಗ ಹಾಡೋದು ನೀನು."

"ಗೊತ್ತು."

"ಮತ್ತೆ?"

"ಯಾರಾದ್ರೂ ಮೊದಲು ಶುರು ಮಾಡಿದ್ರೆ ಬರತ್ತೆ ಕಣೆ. ನಾನೇ ಮೊದಲು ಅಂದ್ರೆ ಗಂಟಲು ಹಿಡ್ಕೊಳ್ಳತ್ತೆ."

ಹೊಲಿಗೆಯಮ್ಮನ ಕೈಯಲ್ಲಿದ್ದ ಸೂಜಿ ನಿಂತುಬಿಟ್ಟಿತು. ಎಲ್ಲರಿಗೂ ಬಡಿಸಿ ಆಮೇಲೆ ಕೂರುವುದು, ಎಲ್ಲರ ಮಾತು ಮುಗಿದ ಮೇಲೆ ಬಾಯಿ ತೆರೆಯುವುದು, ಬಾಗಿಲಲ್ಲಿ ಎದುರಾದರೆ ಪಕ್ಕಕ್ಕೆ ಸರಿದು ದಾರಿ ಬಿಡುವುದು. ಇದನ್ನೆಲ್ಲ ಒಳ್ಳೆಯ ನಡತೆ ಎಂದು ಬೀದಿಗೆಲ್ಲ ಸಾರಿದವಳು ತಾನು. ಅದು ನಡತೆಯಲ್ಲ, ಬೇರೆಯವರು ಶುರು ಮಾಡಲೆಂದು ಕಾಯುವ ಸೊಸೆಯ ಕಸುಬು ಮನೆಯೊಳಗೂ ಬಂದದ್ದು. ತನಗೆ ಅನುಕೂಲವಾಗಿತ್ತು, ಅದಕ್ಕೇ ಚೆಂದ ಕಂಡಿತ್ತು. ಹೊಲಿಗೆಯಮ್ಮನಿಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಅವಳು ಆಜ್ಞೆ ಮಾಡುತ್ತಿದ್ದಳು.

"ಇವತ್ತಿಂದ ಈ ಮನೇಲಿ ಸೊಸೆ ತನ್ನ ತಟ್ಟೆಗೆ ಮೊದಲು ಹಾಕ್ಕೊಳ್ಳೋವರೆಗೂ ಯಾರೂ ತಿನ್ನೋ ಹಾಗಿಲ್ಲ."

ಆ ಸಂಜೆಯ ಊಟ ನೋಡುವಂತಿತ್ತು. ಆಲೂಗಡ್ಡೆಯ ಪಾತ್ರೆ ಮೇಜಿನ ನಡುವೆ ಹಬೆಯಾಡುತ್ತಿದೆ. ನಾಲ್ವರೂ ಕೈಕಟ್ಟಿ ಕೂತಿದ್ದಾರೆ. ಸೊಸೆ ಸೌಟು ಎತ್ತಿದಳು, ಒಂದು ಬಿಲ್ಲೆ ತೆಗೆದಳು, ಕೈ ತಾನಾಗಿ ಗಂಡನ ಕಡೆ ಹೋಯಿತು. ಅವನು ತಟ್ಟೆಯ ಮೇಲೆ ಎರಡೂ ಕೈ ಮುಚ್ಚಿದ. ಸೌಟು ಮಗಳತ್ತ ತಿರುಗಿತು. ಅವಳು ತಟ್ಟೆಯನ್ನೇ ಎತ್ತಿ ಬೆನ್ನ ಹಿಂದೆ ಹಿಡಿದಳು. ಅತ್ತೆಯ ಕಡೆ ನೋಡುವ ಧೈರ್ಯ ಸೌಟಿಗೇ ಬರಲಿಲ್ಲ.

"ನನಗೆ ನಗು ಬರ್ತಾ ಇದೆ" ಎಂದಳು ಸೊಸೆ.

"ನಗು. ಹಾಕ್ಕೋ. ಆಮೇಲೂ ನಗು" ಎಂದಳು ಹೊಲಿಗೆಯಮ್ಮ.

ಸೊಸೆ ಹಾಕಿಕೊಂಡಳು, ಎಲ್ಲಕ್ಕಿಂತ ಸಣ್ಣ ಚೂರು. "ಇದು ಬೆಕ್ಕಿನ ಪಾಲು" ಎಂದ ಗಂಡ. ಸಿಟ್ಟು ಮರೆತು ನಾಲ್ಕು ವಾರದಲ್ಲಿ ಅವನು ಆಡಿದ ಮೊದಲ ತಮಾಷೆ ಅದು. ಆ ಮನೆಯ ಆಲೂಗಡ್ಡೆಯಲ್ಲಿ ಎಲ್ಲರೂ ಬಯಸುತ್ತಿದ್ದದ್ದು ಪಾತ್ರೆಯ ಮೂಲೆಯ ತುಂಡು. ಅಲ್ಲಿ ಈರುಳ್ಳಿ ಅಂಟಿಕೊಂಡು ಕಂದು ಬಣ್ಣಕ್ಕೆ ತಿರುಗಿ ಗರಿಗರಿಯಾಗಿರುತ್ತಿತ್ತು. ಅದಕ್ಕಾಗಿ ಅಪ್ಪ ಮಗಳು ಕಿತ್ತಾಡುತ್ತಿದ್ದರು. ಸೊಸೆ ಅದನ್ನು ಒಮ್ಮೆಯೂ ತಿಂದಿರಲಿಲ್ಲವೆಂಬುದು ಆ ದಿನ ಮಾತಿಗೆ ಮಾತು ಬಂದು ಗೊತ್ತಾಯಿತು.

ಮರುವಾರ ಹೊಲಿಗೆಯಮ್ಮ ಬಟ್ಟೆ ತಂದಳು. ಸೊಸೆಯ ಕಪಾಟಿನಲ್ಲಿದ್ದದ್ದೆಲ್ಲ ಕಪ್ಪು, ಬೂದಿ, ಮೆತ್ತನೆಯ ಹತ್ತಿ. ಮೈಕಿಗೆ ಸದ್ದಾಗಬಾರದಲ್ಲ. ಹೊಲಿಗೆಯಮ್ಮ ತಂದದ್ದು ಕಡು ಹಳದಿ, ಕೂತರೂ ನಿಂತರೂ ಸರಸರ ಎನ್ನುವ ಬಟ್ಟೆ.

"ಇದು ಸದ್ದು ಮಾಡತ್ತೆ ಅತ್ತೆ."

"ಮಾಡ್ಲಿ."

"ತುಂಬ ಎದ್ದು ಕಾಣತ್ತೆ."

"ಮತ್ತೆ ವೇದಿಕೆ ಮೇಲೆ ಅಡಗಿ ಕೂರೋಕೆ ಹೋಗ್ತಾ ಇದೀಯಾ? ಕೈ ಎತ್ತು, ಅಳತೆ ತಗೋಬೇಕು." ಎಷ್ಟೋ ಜನರ ಅಂಗಿ ರಿಪೇರಿ ಮಾಡಿದ ಹೊಲಿಗೆಯಮ್ಮ, ಹೊಸದಾಗಿ ಒಂದು ಉಡುಪನ್ನು ಬುಡದಿಂದ ಹೊಲಿದು ಹದಿನೆಂಟು ವರ್ಷವಾಗಿತ್ತು. ಕತ್ತರಿ ಹಾಕುವ ಮೊದಲು ಅವಳೂ ಅಳತೆಯನ್ನು ಮೂರು ಸಲ ನೋಡಿಕೊಂಡಳು. ಅದನ್ನು ಅವಳು ಯಾರಿಗೂ ಹೇಳಲಿಲ್ಲ.

ಭಾನುವಾರ ನಾಲ್ಕಕ್ಕೆ ಗ್ರಂಥಾಲಯದ ಹಾಲ್‌ನಲ್ಲಿ ಎಂಬತ್ತು ಕುರ್ಚಿ ಹಾಕಿದ್ದರು, ಐವತ್ತರ ಮೇಲೆ ತುಂಬಿತ್ತು. ಡಿಪೋದವರು ಎರಡು ಸಾಲು, ಚಿನಕುರುಳಿಯ ಗೆಳತಿಯರು ಒಂದು ಸಾಲು, ಹೊಲಿಗೆಯಮ್ಮನ ಕೋಟಿನ ಗಿರಾಕಿಗಳು ಅಲ್ಲಲ್ಲಿ. ಹಿಂದಿನ ಸಾಲಿನ ಕೊನೆಯಲ್ಲಿ ಸ್ಟುಡಿಯೋದ ಮ್ಯಾನೇಜರು, ಮೊಣಕಾಲ ಮೇಲೆ ಒಂದು ಕಾಗದದ ಕಡತ. ಅದರಲ್ಲೇನಿದೆಯೆಂದು ಮನೆಯವರಿಗೆ ಗೊತ್ತಿತ್ತು. ಸಹಿಯೊಂದು ಬಾಕಿ.

ಮನೆಯ ಮೂವರೂ ಮೂರನೆಯ ಸಾಲಿನಲ್ಲಿ ಕೂತಿದ್ದರು. ಹಳದಿ ಉಡುಪು ಸರಸರ ಎಂದು ವೇದಿಕೆಗೆ ಬಂತು, ಪಿಯಾನೊ ಮುಂದೆ ಕೂತಿತು. ಮೊದಲ ಹಾಡು ತಟ್ಟೆಯದು. ಇಂಟ್ರೋ ಹಾಲ್ ತುಂಬ ಹರಡಿತು, ಡಿಪೋದವರು ಕೂಡ ನೆಟ್ಟಗೆ ಕೂತರು. ನಾಲ್ಕು ಸಾಲು ಮುಗಿಯಿತು.

ಸೊಸೆ ಎಡಕ್ಕೆ ನೋಡಿದಳು. ಅಲ್ಲಿ ಒಂದು ಸ್ಟೂಲು, ಅದರ ಮೇಲೆ ನೀರಿನ ಹೂಜಿ.

ಮತ್ತೆ ಇಂಟ್ರೋ. ಜನ ಇದೂ ಹಾಡಿನದೇ ಎಂದುಕೊಂಡರು. ಮತ್ತೆ ನಾಲ್ಕು ಸಾಲು, ಮತ್ತೆ ಎಡಕ್ಕೆ. ಹೂಜಿ ಹಾಡಲಿಲ್ಲ. ಮೂರನೆಯ ಸುತ್ತು ಶುರುವಾದಾಗ ಗಂಡ ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದ. "ನಿಂತ್ಹೋಗತ್ತೆ ಅಮ್ಮ" ಎಂದು ಪಿಸುಗುಟ್ಟಿದ. ಎಂಜಿನ್ನಿನ ಬಗ್ಗೆ ಹೇಳುವ ದನಿಯೇ, ಆದರೆ ಈ ಸಲ ಅದು ಓಡಲೇಬೇಕೆಂಬ ಆಸೆ ಅದರಲ್ಲಿತ್ತು. ಹಿಂದೆ ಮ್ಯಾನೇಜರು ಕಡತವನ್ನು ಒಂದು ಮೊಣಕಾಲಿನಿಂದ ಇನ್ನೊಂದಕ್ಕೆ ವರ್ಗಾಯಿಸಿದರು.

ಹೊಲಿಗೆಯಮ್ಮನಿಗೆ ಹಾಲ್ ಕಾಣಲಿಲ್ಲ, ಜನ ಕಾಣಲಿಲ್ಲ. ಸೌಟು ಹಿಡಿದು ನಿಂತ ಸೊಸೆ ಕಂಡಳು, ಇಪ್ಪತ್ತು ವರ್ಷದ ಅಷ್ಟೂ ಸಂಜೆ. ಮೈಯೆಲ್ಲ ಉರಿದುಹೋಯಿತು. ಇಂಟ್ರೋದ ಮೂರನೆಯ ಸುತ್ತು ಮುಗಿದು ಪಿಯಾನೊ ಜಾಗ ಬಿಟ್ಟಿತು. ಆ ಜಾಗದಲ್ಲಿ ಅವಳ ದನಿ ತಾನಾಗಿ ಬಿತ್ತು, ಅಡುಗೆಮನೆಯಲ್ಲಿ ಬೀಳುವಷ್ಟೇ ಜೋರಾಗಿ:

"ಎಷ್ಟು ಹೊತ್ತು ಕಾಯ್ತೀಯೆ, ತಟ್ಟೆಗೆ ಹಾಕ್ಕೋ."

ಐವತ್ತು ತಲೆ ಗಕ್ಕನೆ ಹಿಂದಕ್ಕೂ ಮುಂದಕ್ಕೂ ತಿರುಗಿದವು. ಸೊಸೆಯ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ನಗು. ಆ ನಗುವಿನಲ್ಲೇ ಗಂಟಲು ಬಿಟ್ಟುಕೊಂಡಿತು.

"ಆರಿ ತಣ್ಣಗಾದ್ಮೇಲೆ ಯಾರನ್ನ ಬೈತೀಯೆ" ಎಂದು ಅವಳು ಹಾಡಿದಳು. ಮೆತ್ತನೆಯ ದನಿಯೇ, ಆದರೆ ಕೊನೆಯ ಸಾಲಿನವರೆಗೆ ಹೋಗುವ ದನಿ. ಮನೆಯಲ್ಲಿ ಇದು ಇಷ್ಟು ದಿನ ಎಲ್ಲಿತ್ತೆಂದು ಹೊಲಿಗೆಯಮ್ಮನಿಗೆ ಆಶ್ಚರ್ಯವಾಯಿತು. ಸೌಟು ಸವೆದುಹೋದ ಸಾಲಿಗೆ ಜನ ನಕ್ಕರು. ತಳವನ್ನು ನೋಡುತ್ತ ನಿಂತ ಸಾಲಿಗೆ ಯಾರೂ ನಗಲಿಲ್ಲ. ಮುಂದಿನ ಸಾಲಿನ ಹೆಂಗಸೊಬ್ಬಳು ಕರ್ಚೀಫು ಹುಡುಕಿದಳು. ಮುಂದಿನ ಹತ್ತು ಹಾಡಿಗೆ ಸೊಸೆ ಎಡಕ್ಕೆ ನೋಡಲಿಲ್ಲ. ಒದ್ದೆ ಟವೆಲಿನ ಹಾಡಿಗಂತೂ ಡಿಪೋದವರೆಲ್ಲ ತಿರುಗಿ ಗಂಡನನ್ನು ನೋಡಿ ಸಿಳ್ಳೆ ಹಾಕಿದರು, ಅವನು ಎದ್ದು ನಿಂತು ತಲೆಬಾಗಿ ಕೂತ.

ಕೊನೆಯ ಹಾಡು ಮುಗಿಯಿತು. ಕೊನೆಯ ಸ್ವರ ಗೋಡೆಯ ಕಡೆ ಹೊರಟಿತು. ಮೂರನೆಯ ಸಾಲಿನಲ್ಲಿ ಮನೆಯ ಮೂವರೂ ಕಲ್ಲಾದರು. ಉಸಿರು ಬಿಗಿಹಿಡಿದರು, ರೆಪ್ಪೆ ಮಿಟುಕಿಸಲಿಲ್ಲ. ಮನೆಯವರೇ ಹಾಗೆ ಕೂತದ್ದು ನೋಡಿ, ಚಪ್ಪಾಳೆಗೆ ಎತ್ತಿದ ಕೈ ಎತ್ತಿದ ಹಾಗೇ ಡಿಪೋದವರೂ ಅಲುಗಾಡಲಿಲ್ಲ. ಗೆಳತಿಯರೂ ಮಿಸುಕಲಿಲ್ಲ. ಇದೇ ಇಲ್ಲಿಯ ಕ್ರಮವಿರಬೇಕೆಂದು ಇಡೀ ಹಾಲ್ ಸ್ತಬ್ಧವಾಯಿತು. ಸ್ವರ ಆರಿತು, ಆದರೂ ಸದ್ದಿಲ್ಲ. ಸೊಸೆ ಗಾಬರಿಯಿಂದ ಜನರನ್ನು ನೋಡಿದಳು; ಒಂದು ಚಪ್ಪಾಳೆಯೂ ಇಲ್ಲ. ಅವಳ ಮುಖ ಬಿಳಚುವಷ್ಟರಲ್ಲಿ ಅತ್ತೆ ಕಣ್ಣಿಗೆ ಬಿದ್ದಳು. ಕೆಮ್ಮು ತಡೆದು ತಡೆದು ಹೊಲಿಗೆಯಮ್ಮನ ಮುಖ ಕೆಂಪಗಾಗಿತ್ತು.

ಸೊಸೆ ಪೆಡಲಿನಿಂದ ಕಾಲು ತೆಗೆದು, ಮೈಕಿಗೆ ಬಾಗಿ, "ಆಯ್ತು ಅತ್ತೆ" ಎಂದಳು.

ಮೊದಲು ಕೆಮ್ಮು ಹೊರಬಂತು. ಅದರ ಬೆನ್ನಿಗೇ ಚಪ್ಪಾಳೆ. ಕೆಳಗಿನ ಗ್ರಂಥಾಲಯದವರು ಏನಾಯಿತೆಂದು ಮೆಟ್ಟಿಲು ಹತ್ತಿ ಬಂದರು.

ಬಾಗಿಲ ಬಳಿ ಮ್ಯಾನೇಜರು ಕಡತ ಹಿಡಿದು ನಿಂತಿದ್ದರು. ಅವರು ಬಾಯಿ ತೆರೆಯುವ ಮೊದಲೇ ಸೊಸೆ ಹೇಳಿದಳು: "ಆ ಕುರ್ಚಿಗೆ ಬೇರೆ ಯಾರನ್ನಾದ್ರೂ ನೋಡಿ ಸಾರ್. ಆದ್ರೆ ನಿಮ್ಮ ಸ್ಟುಡಿಯೋ ನನಗೆ ನಾಲ್ಕು ದಿನ ಬೇಕು. ಗಾಜಿನ ಕೋಣೆ ಸಮೇತ."

ಮ್ಯಾನೇಜರು ಕಡತವನ್ನು ಕಂಕುಳಿಗೆ ಸಿಕ್ಕಿಸಿದರು. "ಕೊಡೋಣ. ಹಾಡಿನ ಮೊದಲನೇ ಸಾಲಿಗೆ ಆ ಅಮ್ಮನ್ನೂ ಕರ್ಕೊಂಡು ಬರ್ತೀರಾ?"

"ನನಗೆ ಕೋಟು ಹೊಲಿಯೋದಿದೆ" ಎಂದಳು ಹೊಲಿಗೆಯಮ್ಮ. ಎರಡು ಹೆಜ್ಜೆ ಹೋಗಿ ತಿರುಗಿ, "ಯಾವ ದಿನ ಅಂತ ಮುಂಚೇನೇ ಹೇಳಿ" ಎಂದಳು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಗಂಡ ಹೊರಡುವ ಮೊದಲೇ ಹೆಚ್ಚಿಟ್ಟಿದ್ದ ಆಲೂಗಡ್ಡೆ ಒಲೆಗೆ ಹೋಯಿತು. ಐದು ವಾರಕ್ಕೆ ಅವನ ಕೈ ಪಳಗಿತ್ತು. ನಡುವೆ ಮೆತ್ತಗೆ, ಅಂಚು ಕಂದು. ಎಲ್ಲರೂ ಕೈಕಟ್ಟಿ ಕೂತರು. ಹಳದಿ ಉಡುಪು ಸರಸರ ಎಂದಿತು. ಸೊಸೆ ಸೌಟು ಹಿಡಿದು ಎದ್ದು, ಪಾತ್ರೆಯ ಮೂಲೆಗೆ ಇಳಿಸಿ, ಗರಿಗರಿ ತುಂಡನ್ನು ಪೂರ್ತಿ ಎಬ್ಬಿಸಿ ತನ್ನ ತಟ್ಟೆಗೆ ಹಾಕಿಕೊಂಡಳು. ಆಮೇಲೆ ಎದುರು ಮೂಲೆಗೂ ಕೈ ಹಾಕಿದಳು.

"ಅಮ್ಮ, ಎರಡೂ ಮೂಲೇನಾ?" ಚಿನಕುರುಳಿ ಕೂಗಿಕೊಂಡಳು.

"ಇನ್ನೂ ಎರಡು ಮೂಲೆ ಇದೆಯಲ್ಲ" ಎಂದಳು ಸೊಸೆ, ಬಾಯಿ ತುಂಬ ತುಂಬಿಕೊಂಡು.

ಹೊಲಿಗೆಯಮ್ಮ ಒಂದು ಗಳಿಗೆ ಅವಳು ತಿನ್ನುವುದನ್ನೇ ನೋಡಿದಳು. "ಅಷ್ಟೊಂದು ಅವಸರ ಯಾಕೆ, ನಾಲಿಗೆ ಸುಟ್ಕೋತೀಯ" ಎಂದು ಬೈದು, ತನ್ನ ತಟ್ಟೆಯನ್ನು ಮುಂದೆ ನೂಕಿದಳು.